ಅಮ್ಮನ್ನ ಸೋಫಾದಿಂದ ಏಳಿಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಮಂಡಿ ನೋವಿನ ಬಗ್ಗೆ ಬರೆದಿದ್ದೆ. ಅದಾದ್ಮೇಲೆ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಓದ್ತಾ ಹೋದ್ರೆ ಅರ್ಧಕ್ಕರ್ಧ ಜನ ನೋವಿನ ಮಾತೇ ಎತ್ತಿಲ್ಲ, ಕಾಲಲ್ಲಿ ಶಕ್ತಿ ಇಲ್ಲ, ಕೂತ್ರೆ ಏಳೋಕಾಗಲ್ಲ, ತೊಡೆ ಸಣಕಲಾಗಿದೆ ಅಂತ ಬರ್ದಿದ್ದಾರೆ. ಇಪ್ಪತ್ತು ವರ್ಷದಿಂದ ಫಿಸಿಯೋಥೆರಪಿ ಮಾಡ್ತಾ ವಯಸ್ಸಾದವರ ಜೊತೆನೇ ಇರೋ ನನಗೆ ಇದು ಮಂಡಿ ನೋವಿಗಿಂತ ದೊಡ್ಡ ವಿಷಯ ಅನ್ಸುತ್ತೆ, ಅದಕ್ಕೆ ಈ ಸಲದ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮ್ಮತ್ತೆಗೆ 71 ವರ್ಷ. ಮಾವ ಹೋದ ಮೇಲೆ ಎರಡು ವರ್ಷದ ಹಿಂದೆ ಅರಕಲಗೂಡು ಹತ್ರದ ಹಳ್ಳಿಯಿಂದ ನಮ್ಮ ಫ್ಲ್ಯಾಟ್‌ಗೆ ಕರ್ಕೊಂಡ್ ಬಂದ್ವಿ. ಜೀವನ ಪೂರ್ತಿ ದುಡ್ದಿದ್ದಾರೆ ಪಾಪ, ಇನ್ನಾದ್ರೂ ಆರಾಮಾಗಿರ್ಲಿ ಅಂತ ಒಂದ್ ಲೋಟ ಎತ್ತಿಡೋಕೂ ಬಿಟ್ಟಿಲ್ಲ. ಈಗ ನೋಡಿದ್ರೆ ಸೋಫಾದಿಂದ ಎರಡೂ ಕೈ ಊರಿ, ಮೂರ್ನಾಲ್ಕು ಸಲ ಹಿಂದೆ ಮುಂದೆ ತೂಗಿ ಏಳ್ತಾರೆ. ಒಂದ್ಸಲ ಬಾತ್‌ರೂಮಲ್ಲಿ ಜಾರಿ ಬಿದ್ರು, ಪುಣ್ಯಕ್ಕೆ ಮೂಳೆ ಮುರೀಲಿಲ್ಲ. ತೂಕ ಎರಡು ಕೆಜಿ ಜಾಸ್ತಿನೇ ಆಗಿದೆ, ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. ಕೇಳಿದ್ರೆ "ವಯಸ್ಸಾಯ್ತಲ್ಲ ಬಿಡೇ" ಅಂತಾರೆ. ನಿಜವಾಗ್ಲೂ ವಯಸ್ಸಿಂದೇನಾ?
ಸೊಸೆ, ಜೆ.ಪಿ. ನಗರ, ಬೆಂಗಳೂರು

ಉತ್ತರ: ಸ್ವಲ್ಪ ವಯಸ್ಸಿಂದು, ಉಳಿದಿದ್ದು ಆ ಸೋಫಾದ್ದು. ನಿಮ್ಮ ಮನಸ್ಸು ನೋಯಿಸೋಕೆ ಹೇಳ್ತಿಲ್ಲಮ್ಮ, ನೀವು ಮಾಡಿದ್ದು ಪ್ರೀತಿಯಿಂದ, ನಮ್ಮ ತಾಯಿಗೆ ನಾನೂ ಇದನ್ನೇ ಮಾಡಿದ್ದೆ, ಇದೇ ಕೆಲಸದಲ್ಲಿದ್ದೂ ಮನೇಲಿ "ನೀನು ಕೂತ್ಕೋ ಅಮ್ಮ" ಅನ್ನೋ ಮಾತು ಬಾಯಿಗೆ ಬಂದೇಬಿಡುತ್ತೆ. ನಮ್ಮಲ್ಲಿ ಹಿರಿಯರನ್ನ ಕೂರಿಸಿ ಉಪಚಾರ ಮಾಡೋದೇ ಗೌರವ. ಆದ್ರೆ ಕಾಲಿಗೆ ಆ ಗೌರವ ಗೊತ್ತಾಗಲ್ಲ, ಕೆಲಸ ಇಲ್ಲ ಅಂದ್ರೆ ಮಾಂಸಖಂಡ ಕರಗೋಕೆ ಶುರುವಾಗುತ್ತೆ.

ಏನಾಗುತ್ತೆ ಅಂದ್ರೆ, ಮೂವತ್ತು ದಾಟಿದ ಮೇಲೆ ಎಲ್ಲರಿಗೂ ಹತ್ತು ವರ್ಷಕ್ಕೆ ಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕಮ್ಮಿ ಆಗ್ತಾ ಬರುತ್ತೆ, ಅರವತ್ತರ ಮೇಲೆ ಇನ್ನೂ ಜೋರು, ಮತ್ತೆ ಶಕ್ತಿ ಕಮ್ಮಿಯಾಗೋದು ಸ್ನಾಯು ಕರಗೋದಕ್ಕಿಂತ ಬೇಗ. ಇದಕ್ಕೆ ಸಾರ್ಕೋಪೀನಿಯಾ ಅಂತ ಹೆಸರು, 1989ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ ಅನ್ನೋರು ಇಟ್ಟಿದ್ದು, ಗ್ರೀಕ್ ಭಾಷೇಲಿ ಸಾರ್ಕ್ಸ್ ಅಂದ್ರೆ ಮಾಂಸ, ಪೀನಿಯಾ ಅಂದ್ರೆ ಕೊರತೆ. ಅಲ್ಲಿವರೆಗೂ ಡಾಕ್ಟರ್‌ಗಳೂ ನಿಮ್ಮತ್ತೆ ಥರಾನೇ "ವಯಸ್ಸಾಯ್ತು" ಅಂತ ಸುಮ್ಮನಾಗ್ತಿದ್ರು. ಅಮೆರಿಕದಲ್ಲಿ ಇದಕ್ಕೆ ಕಾಯಿಲೆ ಅಂತ ಪ್ರತ್ಯೇಕ ಕೋಡ್ ಸಿಕ್ಕಿದ್ದೇ 2016ರಲ್ಲಿ.

ತೂಕ ಜಾಸ್ತಿ ಆಗಿದ್ರೂ ಶಕ್ತಿ ಯಾಕಿಲ್ಲ ಅಂತ ತುಂಬಾ ಜನ ಕೇಳ್ತಾರೆ. ತೊಡೇಲಿ ಮಾಂಸ ಹೋದ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತೆ, ತೂಕದ ಮೆಷಿನ್‌ಗೆ ಯಾವುದು ಮಾಂಸ ಯಾವುದು ಕೊಬ್ಬು ಗೊತ್ತಾಗಲ್ಲ, ಮಾಮೂಲಿ ರಕ್ತ ಪರೀಕ್ಷೇಲೂ ಇದು ಕಾಣಲ್ಲ. ಇನ್ನು ಬಾತ್‌ರೂಮಲ್ಲಿ ಜಾರಿದ್ದು. ನಮ್ಮ ಸ್ನಾಯುವಿನಲ್ಲಿ ನಿಧಾನಕ್ಕೆ ಕೆಲಸ ಮಾಡೋ ಎಳೆ, ತಟ್ಟಂತ ಕೆಲಸ ಮಾಡೋ ಎಳೆ ಅಂತ ಎರಡು ಥರ ಇರುತ್ತೆ, ವಯಸ್ಸಾದ ಹಾಗೆ ಹೆಚ್ಚು ಸಣ್ಣ ಆಗೋದು ಎರಡನೇದು. ಎಡವಿದಾಗ ಫಕ್ಕಂತ ಕಾಲು ಮುಂದಿಟ್ಟು ಸಾವರಿಸಿಕೊಳ್ಳೋದು ಅವುಗಳಿಂದಾನೇ. ಹಾಗಾಗಿ ಇಪ್ಪತ್ತರಲ್ಲಿ ಎಡವೋದು, ಎಪ್ಪತ್ತರಲ್ಲಿ ಬೀಳೋದು.

ಈಗ ಅವರ ಹಳ್ಳಿ ದಿನ ಒಂದ್ಸಲ ಕಣ್ಮುಂದೆ ತಂದ್ಕೊಳಿ. ಬೆಳಿಗ್ಗೆ ಎದ್ದು ಕೊಟ್ಟಿಗೇಲಿ ಬಗ್ಗಿ ಸೆಗಣಿ ಬಾಚೋದು, ಅಂಗಳ ಗುಡಿಸಿ ನೀರು ಹಾಕಿ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಬಿಡೋದು, ಕೊಡ ಎತ್ತೋದು, ನೆಲದ ಮೇಲೆ ಕೂತು ಕಾಯಿ ತುರಿಯೋದು, ನೆಲದ ಮೇಲೇ ಊಟ, ಹಾಸಿಗೇನೂ ನೆಲದ ಮೇಲೆ. ದಿನಕ್ಕೆ ಎಷ್ಟು ಸಲ ನೆಲದಿಂದ ಮೇಲೆದ್ದಿರಬಹುದು ಲೆಕ್ಕ ಹಾಕಿ. ಒಂದೊಂದು ಸಲ ಎದ್ದಾಗ್ಲೂ ತೊಡೆ ಪೂರ್ತಿ ಮೈ ಭಾರ ಎತ್ತಿದೆ. ಫ್ಲ್ಯಾಟಿಗೆ ಬಂದ್ಮೇಲೆ ಡೈನಿಂಗ್ ಟೇಬಲ್, ಎತ್ತರದ ಮಂಚ, ಕಮೋಡ್, ಲಿಫ್ಟ್, ಕೈಯಲ್ಲಿ ರಿಮೋಟ್. ಅವರ ಕಾಲು ಅರವತ್ತು ವರ್ಷ ಮಾಡ್ತಿದ್ದ ಕೆಲಸ ಒಂದೇ ವಾರದಲ್ಲಿ ನಿಂತುಹೋಯ್ತು.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ, ಸುಮಾರು ಒಂದೂವರೆ ಅಡಿ ಎತ್ತರದ್ದು, ಅದ್ರಲ್ಲಿ ಕೂರಿಸಿ ಎರಡೂ ಕೈ ಎದೆ ಮೇಲೆ ಕಟ್ಟಿಸಿ, ಐದು ಸಲ ಪೂರ್ತಿ ಎದ್ದು ಕೂರೋಕೆ ಹೇಳಿ, ಮೊಬೈಲಲ್ಲಿ ಟೈಮ್ ನೋಡಿ, ನೀವು ಪಕ್ಕದಲ್ಲೇ ನಿಂತಿರಿ. ಏಷ್ಯಾದವರಿಗೆ ಅಂತಾನೇ 2019ರಲ್ಲಿ ತಜ್ಞರು ಮಾಡಿದ ಅಳತೆ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದ್ರೆ ಸ್ನಾಯು ಕ್ಷೀಣಿಸಿದೆ ಅಂತ ಅನುಮಾನ ಪಡಬೇಕು. ಇನ್ನೊಂದು, ಟೇಪ್ ತಗೊಂಡು ಮೀನಖಂಡದ ದಪ್ಪ ಭಾಗದ ಸುತ್ತಳತೆ ನೋಡಿ, ಹೆಂಗಸರಿಗೆ 33 ಸೆಂಟಿಮೀಟರ್, ಗಂಡಸರಿಗೆ 34, ಅದಕ್ಕಿಂತ ಕಮ್ಮಿ ಇದ್ರೆ ಅದೂ ಒಂದು ಸೂಚನೆ. ಟೇಪ್ ಇಲ್ವಾ, ಜಪಾನಿನವರ ಉಪಾಯ ಇದೆ, ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಮೀನಖಂಡದ ಸುತ್ತ ಉಂಗುರ ಮಾಡ್ಬೇಕು, ಕಾಲಿಗೂ ಬೆರಳಿಗೂ ನಡುವೆ ಸಡಿಲ ಜಾಗ ಉಳಿದ್ರೆ ಹುಷಾರಾಗ್ಬೇಕು.

ಆಮೇಲೆ ಅದೇ ಕುರ್ಚಿನೇ ಔಷಧಿ. ಎದ್ದು ಕೂರೋದನ್ನ ಐದೈದು ಸಲ, ನಡುವೆ ಎರಡು ನಿಮಿಷ ಸುಧಾರಿಸ್ಕೊಂಡು ಮೂರು ಸುತ್ತು, ವಾರಕ್ಕೆ ಮೂರು ದಿನ. ಈಗ ಕೈ ಬಿಟ್ಟು ಏಳೋಕಾಗಲ್ವಾ, ಕುರ್ಚಿ ಮೇಲೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ, ಸುಲಭ ಆಗುತ್ತೆ, ಹದಿನೈದು ದಿನಕ್ಕೆ ಒಂದು ದಿಂಬು ತೆಗೀರಿ. ಏಳೋವಾಗ ಉಸಿರು ಬಿಡ್ಬೇಕು, ಬಿಗಿ ಹಿಡಿದ್ರೆ ಬಿಪಿ ಏರುತ್ತೆ. ಕೂರೋವಾಗ ದೊಪ್ಪಂತ ಬೀಳದೆ ಮೂರು ಎಣಿಸ್ತಾ ನಿಧಾನಕ್ಕೆ ಕೂರ್ಬೇಕು, ಅರ್ಧ ಲಾಭ ಇರೋದೇ ಅಲ್ಲಿ. ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲೋದು ಹತ್ತು ಸಲ, ಕಟ್ಟೆ ಹಿಡ್ಕೊಂಡೇ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲೋದು, ಇದು ಬ್ಯಾಲೆನ್ಸಿಗೆ.

ಇದಕ್ಕಿಂತ ಮುಖ್ಯವಾಗಿ ಅವರ ಕೆಲಸ ಅವರಿಗೆ ವಾಪಸ್ ಕೊಡಿ. ಸೊಪ್ಪು ಬಿಡಿಸೋಕೆ ಸೋಫಾ ಹತ್ರ ತಂದ್ಕೊಡ್ಬೇಡಿ, ಅವರೇ ಎದ್ದು ಹೋಗಿ ಫ್ರಿಜ್ಜಿಂದ ತಗೊಳ್ಳಲಿ. ಬಾಲ್ಕನಿ ತುಳಸಿಗೆ ನೀರು, ಬಟ್ಟೆ ಮಡಚಿ ಬೀರುವಿಗಿಡೋದು, ಮೊಮ್ಮಗನ್ನ ಸ್ಕೂಲ್ ವ್ಯಾನ್‌ವರೆಗೆ ಬಿಟ್ಟು ಬರೋದು. ಮೊದಲ ವಾರ ಬೈಬಹುದು, ಮಾಡಿಸಿ. ಕೆಲಸ ಬಿಡಿಸಿದ ದಿನದಿಂದ ಈ ಮನೇಲಿ ತಾನು ಯಾಕಿದ್ದೀನಿ ಅಂತ ಎಷ್ಟೋ ತಾಯಂದಿರು ಒಳಗೊಳಗೇ ಕೊರಗ್ತಿರ್ತಾರೆ, ಅದನ್ನ ನನ್ನ ಹತ್ರ ಹೇಳ್ಕೊಂಡು ಅತ್ತವರಿದ್ದಾರೆ.

ಒಂದು ಎಚ್ಚರಿಕೆ: ಒಂದೇ ಕಡೆ ಕೈಕಾಲು ಇದ್ದಕ್ಕಿದ್ದಂತೆ ಸೋತ್ರೆ ತಕ್ಷಣ ಆಸ್ಪತ್ರೆ. ಊಟ ಸರಿ ಇದ್ರೂ ತೂಕ ಇಳೀತಿದ್ರೆ, ಕೊಲೆಸ್ಟರಾಲ್ ಮಾತ್ರೆ ಶುರು ಮಾಡಿದ ಮೇಲೆ ಮೈಕೈ ನೋವು ಸುಸ್ತು ಬಂದಿದ್ರೆ, ಥೈರಾಯ್ಡ್ ಮತ್ತು ವಿಟಮಿನ್ ಡಿ ಇನ್ನೂ ನೋಡಿಸಿಲ್ಲ ಅಂದ್ರೆ, ಮೊದಲು ಡಾಕ್ಟರಿಗೆ ತೋರ್ಸಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ, ವಯಸ್ಸು 68, ಹತ್ತು ವರ್ಷದಿಂದ ಶುಗರ್ ಇದೆ. ದಿನಾ ಬೆಳಿಗ್ಗೆ ಒಂದು ಗಂಟೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ತಪ್ಪಿಸಲ್ಲ. ಆದರೂ ಪ್ಯಾಂಟ್ ತೊಡೆ ಹತ್ರ ಸಡಿಲ ಆಗ್ತಿದೆ, ಮೆಟ್ಟಿಲು ಹತ್ತೋವಾಗ ಕಂಬಿ ಹಿಡೀಬೇಕು. ವಾಕಿಂಗ್ ಸಾಲದೇ?
ಓದುಗರು, ಮೈಸೂರು

ಉತ್ತರ: ಸಾಲದು ರಾಯರೇ. ವಾಕಿಂಗ್ ಬಿಡ್ಬೇಡಿ, ಹೃದಯಕ್ಕೆ, ಮನಸ್ಸಿಗೆ, ಶುಗರ್‌ಗೆ ಎಲ್ಲಕ್ಕೂ ಒಳ್ಳೇದು, ಆದ್ರೆ ಸಮತಟ್ಟಾದ ದಾರೀಲಿ ದಿನಾ ಅದೇ ವೇಗದಲ್ಲಿ ನಡೆದ್ರೆ ತೊಡೆಗೆ ಅದು ಭಾರವೇ ಅಲ್ಲ, ಅಭ್ಯಾಸ ಆಗಿಹೋಗಿರುತ್ತೆ. ಸ್ನಾಯು ಬೆಳೀಬೇಕು ಅಂದ್ರೆ ಅದಕ್ಕೆ ಸ್ವಲ್ಪ ಕಷ್ಟ ಕೊಡ್ಬೇಕು, ಕೊನೇ ಎರಡು ಸಲ ಮಾಡೋವಾಗ "ಉಶ್ಶಪ್ಪಾ" ಅನ್ನಿಸ್ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದೂ ಇದೇ, 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥದ್ದು ಮಾಡೋದಲ್ಲದೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಭಾರ ಕೊಡೋ ವ್ಯಾಯಾಮ, ಮೂರು ದಿನ ಬ್ಯಾಲೆನ್ಸ್ ಮತ್ತು ಶಕ್ತಿ ಎರಡಕ್ಕೂ ಸೇರಿದ್ದು ಮಾಡ್ಬೇಕು.

ಮೇಲೆ ಹೇಳಿದ ಕುರ್ಚಿ ವ್ಯಾಯಾಮ ನಿಮಗೂ ಆಗುತ್ತೆ, ಆದ್ರೆ ನಿಮಗದು ಬೇಗ ಸುಲಭ ಆಗಿಬಿಡುತ್ತೆ. ಒಂದೇ ಏಟಿಗೆ ಹನ್ನೆರಡು ಸಲ ಆರಾಮಾಗಿ ಆಯ್ತು ಅಂದ್ರೆ ಒಂದು ಬ್ಯಾಗಿಗೆ ಎರಡು ಲೀಟರ್ ನೀರಿನ ಬಾಟಲಿ ಹಾಕಿ ಎದೆಗೆ ಅಪ್ಪಿ ಹಿಡ್ಕೊಂಡು ಮಾಡಿ, ಅದೂ ಸುಲಭ ಆದ್ರೆ ಮೂರು. ಮೆಟ್ಟಿಲಿನ ಕಂಬಿ ಹಿಡ್ಕೊಳ್ಳಿ, ನಾಚಿಕೆ ಬೇಡ, ಆದ್ರೆ ಕಂಬಿ ಎಳ್ಕೊಂಡು ಹತ್ತಬೇಡಿ, ಕಾಲೇ ಎತ್ತಲಿ.

ಶುಗರ್ ಇದೆ ಅಂದ್ರಲ್ಲ, ನಿಮ್ಮ ವಿಷಯದಲ್ಲಿ ಇದು ಇನ್ನೂ ಮುಖ್ಯ. ಊಟ ಆದ್ಮೇಲೆ ರಕ್ತಕ್ಕೆ ಬರೋ ಸಕ್ಕರೆಯಲ್ಲಿ ದೊಡ್ಡ ಪಾಲನ್ನ ಹೀರ್ಕೊಂಡು ಕೂಡಿಡೋದು ಸ್ನಾಯುಗಳೇ. ಆ ಉಗ್ರಾಣ ಚಿಕ್ಕದಾದ್ರೆ ಸಕ್ಕರೆ ಎಲ್ಲಿ ಹೋಗ್ಬೇಕು, ರಕ್ತದಲ್ಲೇ ಸುತ್ತುತ್ತೆ. ಮಾತ್ರೆ ಜಾಸ್ತಿ ಮಾಡೋದಕ್ಕೆ ಮುಂಚೆ ತೊಡೆ ದಪ್ಪ ಮಾಡೋ ಯೋಚನೆ ಮಾಡಿ ಅಂತ ನಾನು ಶುಗರ್ ಇರೋರಿಗೆಲ್ಲ ಹೇಳ್ತೀನಿ. ಆದ್ರೆ ವ್ಯಾಯಾಮ ಹೆಚ್ಚಾದಾಗ ಕೆಲವರಿಗೆ ಶುಗರ್ ಇಳಿದುಬಿಡುತ್ತೆ, ಅದಕ್ಕೆ ನಿಮ್ಮ ಡಾಕ್ಟರಿಗೆ ತಿಳಿಸಿ ಶುರು ಮಾಡಿ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ನಾನೇ ಕೇಳ್ತೀನಿ. ವಾಕಿಂಗ್ ಮುಗಿದ ಮೇಲಿನ ಹತ್ತು ಹನ್ನೆರಡು ಗಂಟೆ ಏನ್ಮಾಡ್ತೀರಿ? ಪೇಪರ್, ಟಿವಿ, ಮೊಬೈಲ್, ಮಧ್ಯಾಹ್ನದ ನಿದ್ದೆ, ಮತ್ತೆ ಟಿವಿ? 1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿಯನ್ನ ಹೋಲಿಸಿ ನೋಡಿದ್ರು, ದಿನವಿಡೀ ಕೂತೇ ಇರೋ ಡ್ರೈವರ್‌ಗಳಿಗಿಂತ ಟಿಕೆಟ್ ಕೊಡೋಕೆ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ ಇತ್ತು. ಅವರು ಜಿಮ್‌ಗೆ ಹೋದವರಲ್ಲ, ಕೆಲಸದ ಉದ್ದಕ್ಕೂ ಓಡಾಡ್ತಿದ್ರು ಅಷ್ಟೇ. ನೀವೂ ಪ್ರತಿ ಅರ್ಧ ಗಂಟೆಗೆ ಒಂದ್ಸಲ ಎದ್ದು ಎರಡು ನಿಮಿಷ ಓಡಾಡಿ. ಧಾರಾವಾಹಿ ನೋಡ್ತೀರಾದ್ರೆ ಜಾಹೀರಾತು ಬಂದಾಗೆಲ್ಲಾ ಎದ್ದು ನಿಲ್ಲಿ, ಅಲ್ಲಿಗೆ ಲೆಕ್ಕ ಸರಿಹೋಗುತ್ತೆ.

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಮ್ಮ ಅಪ್ಪಗ 74 ವರ್ಷರೀ. ನ್ಯುಮೋನಿಯಾ ಆಗಿ 12 ದಿನ ದವಾಖಾನ್ಯಾಗ ಇದ್ರು. ಮನಿಗೆ ಬಂದು ಮೂರು ವಾರ ಆತು, ಎದ್ದು ನಿಂತ್ರ ಕಾಲು ನಡಗತಾವು. ನೋಡಾಕ ಬಂದವರೆಲ್ಲಾ ಮೂರು ತಿಂಗಳ ಮಲಗಿಸ್ರಿ ಅಂತಾರ. ಊಟಾನೂ ಹಾಸಗ್ಯಾಗ ಕೊಡಾಕ್ಹತ್ತೀವಿ. ಏನ್ ಮಾಡ್ಬೇಕ್ರೀ?
ಮಗ, ಧಾರವಾಡ

ಉತ್ತರ: ಬಂದವರ ಮಾತು ಕೇಳ್ಬೇಡ್ರಿ ಸರ್, ಇದನ್ನ ನಾನು ಕೈ ಮುಗಿದು ಕೇಳ್ಕೊಳ್ತೀನಿ. 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಗಿತ್ತು, ಯಾವ ಕಾಯಿಲೇನೂ ಇಲ್ಲದ ಅರವತ್ತು ದಾಟಿದವರನ್ನ ಬರೀ ಹತ್ತು ದಿನ ಹಾಸಿಗೇಲಿ ಇಟ್ರು, ಹತ್ತೇ ದಿನಕ್ಕೆ ಕಾಲುಗಳಿಂದಾನೇ ಸುಮಾರು ಒಂದು ಕಿಲೋ ಸ್ನಾಯು ಹೋಯ್ತು. ಅವರು ಆರೋಗ್ಯವಾಗಿದ್ದೋರು. ನಿಮ್ಮ ತಂದೆಯವರಿಗೆ ಜೊತೇಲಿ ಜ್ವರ, ಸೋಂಕು, ಊಟ ಸೇರದೇ ಇರೋದು ಎಲ್ಲಾ ಇತ್ತು, ಆಸ್ಪತ್ರೆ 12 ದಿನ, ಮನೇಲಿ ಮೂರು ವಾರ, ಒಟ್ಟು ಮೂವತ್ತು ದಿನ ದಾಟಿತು. ಕಾಲು ನಡುಗ್ತಿರೋದು ವಿಶ್ರಾಂತಿ ಕಮ್ಮಿಯಾಗಿ ಅಲ್ಲ. ಇನ್ನೂ ಎರಡು ತಿಂಗಳು ಮಲಗಿಸಿದ್ರೆ ಏಳಿಸೋದು ಬಹಳ ಕಷ್ಟ ಆಗುತ್ತೆ.

ಎದೆ ಡಾಕ್ಟರಿಗೆ ಒಂದು ಫೋನ್ ಮಾಡಿ, ಓಡಾಡಿಸಬಹುದಾ, ಆಕ್ಸಿಜನ್ ಎಷ್ಟಿರ್ಬೇಕು ಅಂತ ಕೇಳ್ಕೊಳ್ಳಿ. ಅವರು ಹೂಂ ಅಂದ ದಿನವೇ ಹಾಸಿಗೇಲಿ ಊಟ ನಿಲ್ಲಿಸಿ, ಮೂರು ಹೊತ್ತೂ ಕುರ್ಚಿ ಮೇಲೆ ಕೂತೇ ರೊಟ್ಟಿ ಮುರೀಲಿ. ಮೊದಲ ಎರಡು ಮೂರು ದಿನ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಕೂತು ಒಂದೊಂದೇ ಕಾಲು ನೇರ ಚಾಚಿ ಐದು ಎಣಿಸಿ ಇಳಿಸೋದು, ಆಮೇಲೆ ನಿಮ್ಮ ತೋಳು ಹಿಡಿದು ಎದ್ದು ನಿಲ್ಲೋದು, ಮುಂದೆ ಬಾತ್‌ರೂಮ್‌ವರೆಗೆ, ಮುಂದೆ ಹೊರಬಾಗಿಲ ಕಟ್ಟೆವರೆಗೆ. ಮೊದಮೊದಲು ಏಳೋವಾಗ ತಲೆ ಸುತ್ತುತ್ತೆ, ಅದಕ್ಕೇ ಒಂದು ನಿಮಿಷ ಕೂತು ಆಮೇಲೆ ನಿಲ್ಲಿಸಿ. ಅವರನ್ನ ಎತ್ತಬೇಡಿ, ಸೊಂಟದ ಹತ್ರ ಆಸರೆ ಕೊಡಿ, ಏಳೋದು ಅವರೇ ಏಳ್ಬೇಕು. ಹತ್ತಿರದಲ್ಲಿ ಫಿಸಿಯೋಥೆರಪಿಸ್ಟ್ ಇದ್ರೆ ಮೊದಲ ವಾರ ಮನೆಗೆ ಕರೆಸಿ.

ಪ್ರಶ್ನೆ: ದಿನಾ ಎಣ್ಣೆ ಹಚ್ಚಿ ಮಸಾಜ್ ಮಾಡಿಸಿದ್ರೆ ಕಾಲಿನ ಮಾಂಸ ತುಂಬಿಕೊಳ್ಳುತ್ತಾ?
ಚಿತ್ರದುರ್ಗ

ಉತ್ತರ: ಇಲ್ಲ. ಹಿತ ಆಗುತ್ತೆ, ನೋವು ಸ್ವಲ್ಪ ಸಡಿಲ ಆಗುತ್ತೆ, ಮಾಡಿಸ್ಕೊಳ್ಳಿ, ಆದ್ರೆ ಸ್ನಾಯು ತಾನೇ ದುಡಿದ್ರೆ ಮಾತ್ರ ಬೆಳೆಯೋದು, ಬೇರೆಯವರ ಕೈ ದುಡಿದ್ರೆ ಅಲ್ಲ. ಎಣ್ಣೆ ಕಾಲಲ್ಲಿ ಬಚ್ಚಲಿಗೆ ನಡೆದು ಹೋಗೋವಾಗ ಜಾರೋದು ಜಾಸ್ತಿ, ಒರೆಸಿಕೊಂಡು ಹೋಗಿ.

ಪ್ರಶ್ನೆ: ನನಗೆ 66, ತೂಕ 55 ಕೆಜಿ, ಒಬ್ಬಳೇ ಇರೋದು, ಶುದ್ಧ ಸಸ್ಯಾಹಾರಿ. ಬೆಳಿಗ್ಗೆ ಕಾಫಿ, ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮೊಸರನ್ನ ಉಪ್ಪಿನಕಾಯಿ. ಒಬ್ಬಳಿಗೋಸ್ಕರ ಏನು ಮಾಡೋದು ಅನ್ಸುತ್ತೆ. ಅಮೆರಿಕದಲ್ಲಿರೋ ಮಗ ದೊಡ್ಡ ಪ್ರೋಟೀನ್ ಪೌಡರ್ ಡಬ್ಬ ಕಳಿಸಿದ್ದಾನೆ, ಕುಡೀಲೇಬೇಕಾ?
ತೀರ್ಥಹಳ್ಳಿ

ಉತ್ತರ: ಅಮ್ಮಾ, "ಒಬ್ಬಳಿಗೋಸ್ಕರ ಏನು ಮಾಡೋದು" ಅನ್ನೋ ಮಾತು ಓದಿ ಮನಸ್ಸಿಗೆ ಬೇಜಾರಾಯ್ತು. ನಿಮಗೋಸ್ಕರ ಮಾಡ್ಕೊಳ್ಳಿ.

ಲೆಕ್ಕ ನೋಡೋಣ. ನಮ್ಮ ದೇಶದ ಪೋಷಣೆಯ ಸಂಸ್ಥೆ ಐಸಿಎಂಆರ್-ಎನ್ಐಎನ್ 2020ರಲ್ಲಿ ವಯಸ್ಕರಿಗೆ ಹೇಳಿರೋದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದ ಮೇಲೆ ಅಷ್ಟೇ ಪ್ರೋಟೀನ್ ತಿಂದ್ರೂ ಸ್ನಾಯು ಮೊದಲಿನ ಥರ ಬಳಸ್ಕೊಳ್ಳಲ್ಲ, ಅದಕ್ಕೆ ಹಿರಿಯರ ಪೋಷಣೆ ನೋಡೋ ತಜ್ಞರು 1ರಿಂದ 1.2 ಗ್ರಾಂ ಇರ್ಲಿ ಅಂತಾರೆ. ನಿಮಗೆ ಅದು 55ರಿಂದ 66 ಗ್ರಾಂ. ನೀವು ಬರೆದಿರೋ ಊಟದಲ್ಲಿ ಹೆಚ್ಚೆಂದ್ರೆ 30, 35 ಗ್ರಾಂ ಸಿಗ್ತಿರಬಹುದು. ತಿಳಿಸಾರಲ್ಲಿ ಬೇಳೆ ಎಲ್ಲಾ ತಳದಲ್ಲಿ ಕೂತಿರುತ್ತೆ, ಮೇಲಿನ ತಿಳಿ ಬಡಿಸ್ಕೊಂಡ್ರೆ ಬರೋದು ಹುಳಿ ಖಾರದ ನೀರು, ಪ್ರೋಟೀನ್ ಪಾತ್ರೇಲೇ ಉಳೀತು. ಬಯಲುಸೀಮೆ ಕಡೆ ಬಸ್ಸಾರಲ್ಲೂ ಇದೇ ಕಥೆ, ಕಾಳು ಸೊಪ್ಪು ಬಸಿದು ಪಲ್ಯ ಮಾಡಿರ್ತಾರೆ, ಮನೆ ಹಿರಿಯರು ಹಲ್ಲಿಲ್ಲ ಅಂತ ಪಲ್ಯ ಬಿಟ್ಟು ಬರೀ ಸಾರಲ್ಲಿ ಮುದ್ದೆ ನುಂಗಿ ಏಳ್ತಾರೆ, ಕಾಳು ತಿಂದೋರು ಮಿಕ್ಕವರು.

ಹಾಗಾಗಿ ಹೊಸ ಅಡುಗೆ ಏನೂ ಕಲೀಬೇಕಿಲ್ಲ. ಸಾರಿನ ಬದ್ಲು ಗಟ್ಟಿ ತೊವ್ವೆ ಮಾಡಿ, ಒಂದು ಬಟ್ಟಲಿಗೆ ಸುಮಾರು 7 ಗ್ರಾಂ. ಇಡ್ಲಿ ಜೊತೆ ಒಂದು ದೊಡ್ಡ ಲೋಟ ಹಾಲು, 6 ಗ್ರಾಂ. ರಾತ್ರಿ ನೆನೆಹಾಕಿದ ಹೆಸರುಕಾಳು ಅಥವಾ ಕಡಲೆಕಾಳಿನ ಉಸ್ಲಿ, ಒಂದು ಹಿಡಿ ಒಣಕಾಳಿಗೆ 6, 7 ಗ್ರಾಂ. ಸಂಜೆ ಒಂದು ಹಿಡಿ ಶೇಂಗಾ, 7 ಗ್ರಾಂ, ಹಲ್ಲಿಗೆ ಕಷ್ಟ ಆದ್ರೆ ಹುರಿದು ಪುಡಿ ಮಾಡಿ ಮೊಸರನ್ನಕ್ಕೆ ಕಲಸ್ಕೊಳ್ಳಿ. ಹುರುಳಿಕಾಳು ನಿಮ್ಮೂರಲ್ಲಿ ಸಿಗೋದೇ, ಬೇಯಿಸಿದ ಕಾಳನ್ನೂ ಸಾರಿಗೇ ರುಬ್ಬಿ ಹಾಕಿ. ಇಷ್ಟಾದ್ರೆ 60ರ ಹತ್ರ ಬಂತು. ಎಲ್ಲಾ ಒಂದೇ ಹೊತ್ತಿಗೆ ತಿನ್ನೋ ಬದ್ಲು ಮೂರು ಹೊತ್ತಿಗೂ ಹಂಚಿಕೊಂಡ್ರೆ ಸ್ನಾಯುಗೆ ಒಳ್ಳೇದು.

ಪೌಡರ್ ವಿಷ ಏನಲ್ಲ, ಊಟ ಸೇರದ ದಿನ ಒಂದು ಚಮಚ ಹಾಲಿಗೆ ಹಾಕ್ಕೊಂಡು ಕುಡಿದ್ರೆ ತಪ್ಪಿಲ್ಲ, ಮಗ ಪ್ರೀತಿಯಿಂದ ಕಳಿಸಿದ್ದು. ಆದ್ರೆ ವ್ಯಾಯಾಮ ಇಲ್ದೆ ಬರೀ ಪ್ರೋಟೀನ್ ತಿಂದ್ರೆ ಸ್ನಾಯು ಬರಲ್ಲ, ಎರಡೂ ಜೊತೆಗಿರ್ಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಪೌಡರ್ ಆಗ್ಲಿ ಕಾಳು ಆಗ್ಲಿ ಡಾಕ್ಟರನ್ನ ಕೇಳದೆ ಜಾಸ್ತಿ ಮಾಡ್ಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 82 ವರ್ಷ. ಕೋಲಿಲ್ಲದೆ ಅಂಗಳ ದಾಟಲಾರೆ. ಈ ವಯಸ್ಸಲ್ಲಿ ಶುರು ಮಾಡಿ ಏನಾದ್ರೂ ಪ್ರಯೋಜನ ಇದೆಯೇ?
ಸಾಗರ

ಉತ್ತರ: ಇದೆ ಮೇಷ್ಟ್ರೇ. 1990ರಲ್ಲಿ ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮಾರಿಯಾ ಫಿಯಟರೋನೆ ಅನ್ನೋ ವೈದ್ಯೆ ಮತ್ತು ಜೊತೆಗಾರರು 86ರಿಂದ 96 ವರ್ಷದ ಹತ್ತು ಜನರಿಗೆ ತೊಡೆಗೆ ಭಾರ ಎತ್ತೋ ವ್ಯಾಯಾಮ ಶುರು ಮಾಡಿಸಿದ್ರು, ಬಿಗಿಯಾದ ವ್ಯಾಯಾಮ, ಎಂಟು ವಾರ. ಪೂರ್ತಿ ಮಾಡಿದವರ ತೊಡೆ ಶಕ್ತಿ ಸರಾಸರಿ ಶೇಕಡ 174ರಷ್ಟು ಹೆಚ್ಚಾಯ್ತು, ಅಂದ್ರೆ ಮೊದಲಿದ್ದ ಎರಡೂವರೆ ಪಟ್ಟಿಗಿಂತ ಹೆಚ್ಚು, ಇಬ್ಬರು ಕೋಲು ಬಿಟ್ಟು ನಡೆದ್ರು. ಅವರಿಗೆ ಹೋಲಿಸಿದ್ರೆ ನೀವು ಚಿಕ್ಕವರು. ಅದೇ ಅಧ್ಯಯನದಲ್ಲಿ ಇನ್ನೊಂದೂ ಗೊತ್ತಾಯ್ತು, ನಿಲ್ಲಿಸಿದ ನಾಲ್ಕೇ ವಾರಕ್ಕೆ ಶಕ್ತಿ ಸುಮಾರು ಮೂರನೇ ಒಂದು ಭಾಗ ಇಳಿದುಹೋಯ್ತು. ಹಾಗಾಗಿ ಇದನ್ನ ಸಂಧ್ಯಾವಂದನೆ ಥರ, ಬಿಡದೆ ಮಾಡೋದು.

ನಿಮ್ಮ ಊರಿನ ಡಾಕ್ಟರ್ ಹತ್ರ ಒಂದ್ಸಲ ಬಿಪಿ, ಹೃದಯ ನೋಡಿಸಿ ಬನ್ನಿ. ಆಮೇಲೆ ತೋಳಿರೋ ಮರದ ಕುರ್ಚಿನ ಗೋಡೆಗೆ ಒತ್ತಿಟ್ಟು, ಮುಂದೆ ಕೈಗೆಟುಕೋ ಹಾಗೆ ಗಟ್ಟಿ ಮೇಜು ಇಟ್ಕೊಂಡು, ಕುರ್ಚಿ ತೋಳಿನ ಆಸರೆಯಲ್ಲೇ ದಿನ ಬಿಟ್ಟು ದಿನ ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ ಏಳಿ. ಎರಡು ವಾರ ಆದ್ಮೇಲೆ ಐದು ಸಲ, ಆಮೇಲೆ ಒಂದೇ ಕೈ ಆಸರೆ. ಮೊದಮೊದಲು ತೊಡೆ ನೋಯುತ್ತೆ, ಎರಡು ದಿನಕ್ಕೆ ಇಳಿಯುತ್ತೆ, ಅದು ಕೆಟ್ಟ ನೋವಲ್ಲ. ಎದೆ ಹಿಡ್ಕೊಂಡ ಹಾಗಾದ್ರೆ, ತಲೆ ತಿರುಗಿದ್ರೆ ಅಲ್ಲಿಗೇ ನಿಲ್ಲಿಸಿ. ಮಾಡೋವಾಗ ಮನೇಲಿ ಯಾರಾದ್ರೂ ಹತ್ರ ಇರ್ಲಿ, ಪಂಚೆ ಎತ್ತಿ ಕಟ್ಟಿರ್ಬೇಕು, ಅಂಗಳದಲ್ಲಿ ಮಳೆ ನೀರಿಗೆ ಪಾಚಿ ಕಟ್ಟಿದ್ರೆ ಮೊದಲು ಅದನ್ನ ಉಜ್ಜಿಸಿ.